ಸ್ಕಾಟ್ಲೆಂಡಿನ ಹಾಡುಗಳೂ ನಾಲ್ಕು ಕಂಠದ ಮೇಳವೂ

ಸ್ಕಾಟ್ಲೆಂಡಿನ ಜನಪದ ಮಟ್ಟುಗಳನ್ನು ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಕಂಠಗಳಿಗೆ ಹಂಚಿ ವೃಂದಗಾನವಾಗಿ ಹಾಡಿಸುವ ಪದ್ಧತಿಯನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಮಾತನ್ನು ಹೇಳುತ್ತಾರೆ. ಈ ಹಾಡುಗಳು ಒಂಟಿಯಾಗಿದ್ದುವು. ಕುರಿ ಕಾಯುವವನ ಬಾಯಲ್ಲಿ, ಹಾಲು ಕರೆಯುವವಳ ಬಾಯಲ್ಲಿ, ಬೆಟ್ಟದ ಮಂಜಿನ ನಡುವೆ ಯಾರಿಗೂ ಕೇಳಿಸದೆ ಸೊರಗುತ್ತಿದ್ದುವು. ಶಾಸ್ತ್ರ ಬಲ್ಲ ಪಂಡಿತರು ಅವುಗಳನ್ನು ಕರೆತಂದು, ಸಂಗಾತಿಗಳನ್ನು ಕೂಡಿಸಿ, ಸಭೆಗೆ ಯೋಗ್ಯವಾಗುವಂತೆ ಮಾಡಿದರು, ಎಂದು. ಮಾತು ಕೇಳುವುದಕ್ಕೆ ಇಂಪಾಗಿದೆ. ಅದರಲ್ಲಿ ಸತ್ಯಾಂಶ ಮಾತ್ರ ಬಹು ಸ್ವಲ್ಪ. ಆ ಹಾಡುಗಳಲ್ಲಿ ಎಷ್ಟೋ ಎಂದೂ ಒಂಟಿಯಾಗಿರಲಿಲ್ಲ. ಅವಕ್ಕೆ ತಮ್ಮದೇ ಆದ ಮೇಳವಿತ್ತು. ನಾಲ್ಕು ಕಂಠದ ಮೇಳವು ಬಂದು ಸೇರಿದ್ದು ಪಾಳುಮನೆಗಲ್ಲ, ಜನ ತುಂಬಿದ ಮನೆಗೆ. ಬಂದವರು ಮನೆಯವರನ್ನು ಹೊರಗೆ ಕಳುಹಿಸಿ, ಆಮೇಲೆ ಮನೆ ಬರಿದಾಗಿತ್ತೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಈ ಮಾತು ಅತಿಯಾಯಿತೆಂದು ತೋರುವವರು ಹೆಬ್ರಿಡೀಸ್ ದ್ವೀಪಗಳ ಕಡೆಗೆ ಒಮ್ಮೆ ನೋಡಬೇಕು. ಅಲ್ಲಿಯ ಹೆಂಗಸರು ಮಗ್ಗದಿಂದ ಇಳಿಸಿದ ಉಣ್ಣೆಯ ಬಟ್ಟೆಯನ್ನು ಕೈಯಿಂದ ಬಡಿದು ಹದಗೊಳಿಸುತ್ತಿದ್ದರು. ಕೂಡಿಟ್ಟ ಹಳೆಯ ಮೂತ್ರದಲ್ಲಿ ನೆನೆಸಿದ ಬಟ್ಟೆಯನ್ನು ಉದ್ದನೆಯ ಹಲಗೆಯ ಮೇಲೆ ಹಾಕಿ, ಹಲಗೆಯ ಸುತ್ತಲೂ ಸಾಲಾಗಿ ಕುಳಿತು, ಒಬ್ಬರಿಂದೊಬ್ಬರಿಗೆ ಸರಿಸುತ್ತ, ಒಂದೇ ಲಯದಲ್ಲಿ ಅಪ್ಪಳಿಸುವ ಕೆಲಸವದು. ಬಟ್ಟೆ ಮಂದವಾಗಿ ಗಾಳಿಮಳೆಗೆ ತಡೆಯುವಂತೆ ಆಗುವವರೆಗೆ ಅದು ಬಹಳ ಹೊತ್ತು ನಡೆಯಬೇಕು. ಅಷ್ಟು ಹೊತ್ತೂ ಕೈ ನಡೆಯುವುದು ಹಾಡಿನ ಬಲದಿಂದ. ಒಬ್ಬಳು ಮುಮ್ಮೇಳ, ಅವಳು ಒಂದು ಸಾಲನ್ನೋ ಅರ್ಧ ಸಾಲನ್ನೋ ಹಾಡುವಳು. ಉಳಿದವರು ಹಿಮ್ಮೇಳ, ಅರ್ಥವಿಲ್ಲದ, ಆದರೆ ಆಯಾ ಹಾಡಿಗೆ ಇಂಥದೇ ಎಂದು ಗೊತ್ತಾಗಿರುವ ಅಕ್ಷರಗಳ ಪಲ್ಲವಿಯನ್ನು ಎತ್ತಿಕೊಳ್ಳುವರು. ಪಲ್ಲವಿ ನಡೆಯುತ್ತಿರುವಾಗ ಮುಂದಿನ ಸಾಲನ್ನು ನೆನೆಯುವುದಕ್ಕೆ ಮುಮ್ಮೇಳದವಳಿಗೆ ಬಿಡುವು ಸಿಕ್ಕುವುದು. ಒಮ್ಮೆ ಹಾಡಿದ ಹಾಡನ್ನು ಅದೇ ಕೂಟದಲ್ಲಿ ಮತ್ತೊಮ್ಮೆ ಹಾಡಿದರೆ ಅಶುಭವೆಂಬ ನಂಬಿಕೆಯಿದ್ದುದರಿಂದ, ಒಳ್ಳೆಯ ಹಾಡುಗಾರ್ತಿಯ ಎದೆಯಲ್ಲಿ ಹಾಡಿನ ಕಣಜವೇ ಇರಬೇಕಾಗಿತ್ತು. ಬೀಸುವ ಕಲ್ಲಿನ ಪದಗಳನ್ನು ಕೇಳಿ ಬೆಳೆದ ಕನ್ನಡದ ಮನೆತನಗಳಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದ್ದಿಲ್ಲ. ಹತ್ತು ಹೆಂಗಸರು ಕೂಡಿ ಹಾಡುತ್ತಿದ್ದುದನ್ನು ಒಂಟಿ ಹಾಡೆಂದು ಕರೆಯುವ ಪಂಡಿತನು ಆ ಹಲಗೆಯ ಬಳಿಗೆ ಹೋಗಿಯೇ ಇರಲಿಲ್ಲ ಎನ್ನಬೇಕು. ಇಲ್ಲವೆ, ಹೋಗಿದ್ದರೂ ಮುಮ್ಮೇಳದವಳ ಮಟ್ಟನ್ನು ಮಾತ್ರ ಬರೆದುಕೊಂಡು ಬಂದನೆನ್ನಬೇಕು. ಎರಡನೆಯದೇ ಹೆಚ್ಚಾಗಿ ನಡೆದದ್ದು.

ಇದಕ್ಕಿಂತ ದೊಡ್ಡ ಸಾಕ್ಷ್ಯ ಮತ್ತೊಂದಿದೆ. ಸ್ಕಾಟ್ಲೆಂಡಿನ ಕ್ರೈಸ್ತ ಕೀರ್ತನೆಗಳ ಪುಸ್ತಕವು 1635ರಲ್ಲಿ ಎಡ್ವರ್ಡ್ ಮಿಲರನ ಕೈಯಿಂದ ಅಚ್ಚಾಗಿ ಬಂದಾಗ ಅದರ ಮಟ್ಟುಗಳಿಗೆ ನಾಲ್ಕು ಕಂಠದ ಸ್ವರಯೋಜನೆ ಇದ್ದಿತು. ಎಂದರೆ ಆಗಲೇ ಹಾರ್ಮನಿಯು ಆ ದೇಶಕ್ಕೆ ಬಂದು ಮುದ್ರಿತವಾಗಿಯೂ ಆಗಿತ್ತು. 1659ರಲ್ಲಿ ಮೊದಲ 50 ಕೀರ್ತನೆಗಳು ಗೇಲಿಕ್ ಭಾಷೆಯಲ್ಲಿ ಪ್ರಕಟವಾದುವು. ಡಂಡೀ, ಎಲ್ಗಿನ್, ಮಾರ್ಟರ್ಸ್ ಮೊದಲಾದ ಮಟ್ಟುಗಳು ಗುಡ್ಡಗಾಡಿಗೂ ದ್ವೀಪಗಳಿಗೂ ಹೋದುವು. ಹೋಗಿ ಏನಾದುವು? ನಾಲ್ಕು ಕಂಠಗಳೂ ಅಲ್ಲಿ ಉದುರಿಹೋದುವು. ಲೂಯಿಸ್ ದ್ವೀಪದ ದೇವಾಲಯಗಳಲ್ಲಿ ಇಂದಿಗೂ ವಾದ್ಯವಿಲ್ಲದೆ ನಡೆಯುವ ಗಾಯನದಲ್ಲಿ ಮುಂಗಾಯಕನೊಬ್ಬನು ಸಾಲನ್ನು ಎತ್ತಿಕೊಡುತ್ತಾನೆ. ಸಭೆಯೆಲ್ಲ ಅದನ್ನು ಹಿಡಿಯುತ್ತದೆ. ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ನಡೆಯಲ್ಲಿ, ತಮ್ಮ ತಮ್ಮ ಬಳುಕುಗಳಿಂದ, ಒಬ್ಬರು ಒಂದು ಹೆಜ್ಜೆ ಮುಂದೆ, ಒಬ್ಬರು ಒಂದು ಹೆಜ್ಜೆ ಹಿಂದೆ. ಮಟ್ಟು ಒಂದೇ, ಹಾಡುವ ದಾರಿಗಳು ಹಾಡುವವರಷ್ಟು. ದಡಕ್ಕೆ ಬಡಿಯುವ ಅಲೆಗಳು ಒಂದರ ಮೇಲೊಂದು ಹಾಯ್ದು ಬರುವಂತೆ ಆ ನಾದವು ಏರಿಳಿಯುತ್ತದೆ. ಕೇಳಿದವರಿಗೆ ಮೊದಲು ಗೊಂದಲವೆನ್ನಿಸಿ, ಆಮೇಲೆ ರೋಮಾಂಚವಾಗುತ್ತದೆ. ನಾಲ್ಕು ಕಂಠದ ಮೇಳವನ್ನು ಕಾಣದವರು ಇವರೆಂದು ಹೇಳುವಂತಿಲ್ಲ. ಕೈಗೆ ಕೊಟ್ಟಿದ್ದ ಹಾರ್ಮನಿಯನ್ನು ಪಕ್ಕಕ್ಕಿಟ್ಟು ತಮ್ಮದೊಂದು ವೃಂದಗಾನವನ್ನು ಕಟ್ಟಿಕೊಂಡ ಜನ ಇವರು. ಮೇಳವಾದಿಗಳ ಇತಿಹಾಸದಲ್ಲಿ ಈ ಸಂಗತಿಗೆ ಏಕೋ ಎಡೆ ಸಿಕ್ಕುವುದಿಲ್ಲ.

ಪಂಡಿತರ ಕೈವಾಡವು ಪ್ರಾರಂಭವಾದದ್ದು ತಗ್ಗುನಾಡಿನ ನಗರಗಳ ಒಳಕೋಣೆಗಳಲ್ಲಿ. ಜೇಮ್ಸ್ ಜಾನ್ಸನ್ ಎಂಬ ಅಚ್ಚುಕೆತ್ತುವವನು 1787ರಿಂದ 1803ರವರೆಗೆ ಆರು ಸಂಪುಟಗಳಲ್ಲಿ 600 ಹಾಡುಗಳನ್ನು ಹೊರತಂದನು; ಕವಿ ರಾಬರ್ಟ್ ಬರ್ನ್ಸನು ತಾನು ಸಾಯುವವರೆಗೂ ಹಣ ಮುಟ್ಟದೆ ಅದಕ್ಕಾಗಿ ದುಡಿದನು. ಅಲ್ಲಿ ಮಟ್ಟಿಗೆ ತಳದಲ್ಲಿ ಒಂದು ಮಂದ್ರದ ಸಾಲು, ಅಷ್ಟೇ ಅಲಂಕಾರ. ಹಾಡು ಹಾಡಾಗಿಯೇ ಇದ್ದಿತು. ಅದೇ ಕಾಲದಲ್ಲಿ ಎಡಿನ್‌ಬರೋದ ಜಾರ್ಜ್ ಥಾಮ್ಸನ್ ಎಂಬ ಗೃಹಸ್ಥನಿಗೆ ಇದು ಸಾಲದಾಯಿತು. ಅವನು 1793ರಿಂದ ಪ್ರಕಟಿಸತೊಡಗಿದ ಸಂಗ್ರಹಕ್ಕಾಗಿ ಪ್ಲೇಯೆಲ್, ಕೊಜೆಲುಖ್, ಹೈಡನ್, ಕಡೆಗೆ ಬೀಥೋವನ್ ಮೊದಲಾದ ಯೂರೋಪಿನ ಮಹಾಶಯರಿಗೆ ಮಟ್ಟುಗಳನ್ನು ಅಂಚೆಯಲ್ಲಿ ಕಳುಹಿಸಿ, ಪಿಯಾನೋ, ಪಿಟೀಲು, ಸೆಲ್ಲೋಗಳ ಪಕ್ಕವಾದ್ಯವನ್ನು ಬರೆಸಿ ತರಿಸಿದನು. ಕೆಲವು ಹಾಡುಗಳಿಗೆ ಒಂದಕ್ಕಿಂತ ಹೆಚ್ಚು ಕಂಠಗಳೂ ಬಂದುವು. ಹೈಡನ್ ಒಬ್ಬನೇ ಅವನಿಗಾಗಿ ಸುಮಾರು 200 ಮಟ್ಟುಗಳನ್ನು ಅಲಂಕರಿಸಿ ಕೊಟ್ಟನು. ಬೀಥೋವನನ 25 ಸ್ಕಾಟಿಷ್ ಗೀತೆಗಳು 1818ರಲ್ಲಿ ಬೆಳಕು ಕಂಡುವು. ಹಾಡನ್ನು ಪದಗಳಿಂದ ಬೇರ್ಪಡಿಸಿ ಬರಿಯ ಮಟ್ಟನ್ನು ವಿಯೆನ್ನಾಕ್ಕೆ ಕಳುಹಿಸುವುದು ಥಾಮ್ಸನನ ವಾಡಿಕೆ. ಪದಗಳಾದರೂ ಬೇಕೆಂದು ಬೀಥೋವನನೇ ಬೇಡಿಕೊಳ್ಳಬೇಕಾಯಿತು. ಅರ್ಥವೇನೆಂದು ತಿಳಿಯದೆ ಹಾಡಿಗೆ ಆಭರಣ ಮಾಡಲಾರೆನೆಂಬ ವಿವೇಕವು ಮಹಾಕಲಾವಿದನಿಗೆ ಇದ್ದಿತು, ಪ್ರಕಾಶಕನಿಗೆ ಇರಲಿಲ್ಲ. ಪ್ರಕಾಶಕನ ಚಿಂತೆಯೇ ಬೇರೆ: ಪಿಯಾನೋದ ಭಾಗವು ಎಡಿನ್‌ಬರೋದ ತರುಣಿಯರ ಬೆರಳಿಗೆ ಕಷ್ಟವಾಗುತ್ತದಲ್ಲಾ, ಎಂದು!

ಇಲ್ಲಿ ಶಾಸ್ತ್ರದ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಏಕೆಂದರೆ ಮೇಳವಾದಿಗಳು ತಮ್ಮ ಬಲವೆಲ್ಲ ಇರುವುದು ಶಾಸ್ತ್ರದಲ್ಲಿ ಎಂದು ತಿಳಿದಿದ್ದಾರೆ. ಸ್ಕಾಟ್ಲೆಂಡಿನ ಹಳೆಯ ಮಟ್ಟುಗಳಲ್ಲಿ ಬಹಳಷ್ಟು ಐದು ಸ್ವರಗಳವು. ಹೊಸ ವರ್ಷದ ನಡುರಾತ್ರಿ ಲೋಕದ ಅರ್ಧಭಾಗ ಕೈ ಹಿಡಿದು ಹಾಡುವ ‘ಆಲ್ಡ್ ಲ್ಯಾಂಗ್ ಸೈನ್’ ಎಂಬ ಹಾಡಿನ ಸ್ವರಗಳು ಸ, ರಿ, ಗ, ಪ, ಧ. ಎಂದರೆ ಮೋಹನರಾಗದ ಸ್ವರಗಳೇ. ಮಧ್ಯಮವೂ ನಿಷಾದವೂ ಅಲ್ಲಿ ವರ್ಜ್ಯ. ಯೂರೋಪಿನ ಹಾರ್ಮನಿಯಾದರೋ ಮೂರು ಸ್ವರಗುಚ್ಛಗಳ ಮೇಲೆ ನಿಲ್ಲುತ್ತದೆ: ಸ-ಗ-ಪ, ಮ-ಧ-ಸ, ಪ-ನಿ-ರಿ. ಎರಡನೆಯದರಲ್ಲಿ ಮಧ್ಯಮ, ಮೂರನೆಯದರಲ್ಲಿ ನಿಷಾದ. ಹಾಡು ಯಾವ ಎರಡು ಸ್ವರಗಳನ್ನು ಬಿಟ್ಟು ತನ್ನ ಸ್ವರೂಪವನ್ನು ಪಡೆದಿದೆಯೋ ಅವೆರಡನ್ನೇ ಕೆಳಗಿನ ಕಂಠಗಳವರು ಹೆಜ್ಜೆಹೆಜ್ಜೆಗೂ ಹಾಡುತ್ತಾರೆ. ಒಬ್ಬರು ಮೋಹನವನ್ನು ಹಾಡುತ್ತಿರುವಾಗ ಪಕ್ಕದಲ್ಲಿ ಮೂವರು ಕುಳಿತು ಮಧ್ಯಮನಿಷಾದಗಳನ್ನು ಹಿಡಿದರೆ ರಾಗದ ಗತಿ ಏನಾಗುವುದೆಂಬುದನ್ನು ಸಂಗೀತದ ಮನೆಯ ಚಿಕ್ಕ ಮಕ್ಕಳೂ ಹೇಳಬಲ್ಲರು. ಯೂರೋಪಿನ ಕಿವಿಗೆ ಅದು ದೋಷವಲ್ಲ, ನಿಜ. ಅವರ ಸಂಗೀತದಲ್ಲಿ ಅದೇ ಗುಣ. ಆದರೆ ಹಾಡು ಆ ಕಿವಿಗಾಗಿ ಹುಟ್ಟಿದ್ದಲ್ಲ.

ಐದು ಸ್ವರದ ಮಟ್ಟುಗಳ ಪಾಡು ಇದು. ಚೀಲವಾದ್ಯದ ಮಟ್ಟುಗಳದು ಇನ್ನೂ ಕಷ್ಟ. ಹೈಲೆಂಡಿನ ದೊಡ್ಡ ಚೀಲವಾದ್ಯಕ್ಕೆ ಮೂರು ಶ್ರುತಿಗೊಳವೆಗಳು. ಒಂದು ಮಂದ್ರದ್ದು, ಎರಡು ಅದರ ಮೇಲಿನ ಸ್ಥಾಯಿಯವು. ಮೂರೂ ಷಡ್ಜವನ್ನೇ ಹಿಡಿದಿರುತ್ತವೆ. ನುಡಿಸುವ ಕೊಳವೆಯ ಸ್ವರಗಳು ಹೆಚ್ಚು ಕಡಿಮೆ ಹರಿಕಾಂಭೋಜಿ ಮೇಳದವು, ನಿಷಾದವು ಕೈಶಿಕಿ. ಬದಲಾಗದ ಒಂದು ಶ್ರುತಿಯ ಮೇಲೆ ನಡೆಯುವ ಈ ಸಂಗೀತವು ತಂಬೂರಿಯನ್ನು ಬಲ್ಲವರಿಗೆ ದೂರದ್ದಲ್ಲ. ಇಂಥ ಮಟ್ಟು ಹಳೆಯ ಸಂಯೋಜಕನ ಕೈಗೆ ಬಿದ್ದೊಡನೆ ಅವನು ಮೊದಲು ಮಾಡುವ ಕೆಲಸ ನಿಷಾದವನ್ನು ಮೇಲಕ್ಕೆತ್ತಿ ಕಾಕಲಿ ಮಾಡುವುದು, ಹರಿಕಾಂಭೋಜಿಯು ಶಂಕರಾಭರಣವಾಯಿತು. ಇದನ್ನು ತಿದ್ದುಪಡಿ ಎಂದು ಕರೆದರು! ಮಟ್ಟು ತಪ್ಪಿತ್ತು, ಪಾಪ, ಹಳ್ಳಿಯವನಿಗೆ ತಿಳಿಯದೆ ಹೋಯಿತು, ಎಂಬುದು ಇದರ ಭಾವ.

ಪದಗಳ ಕಥೆಯೂ ಹೀಗೆಯೇ. ‘ಸ್ಕೈ ಬೋಟ್ ಸಾಂಗ್’ ಎಂಬ ಹಾಡನ್ನು ಹಾಡದ ಇಂಗ್ಲಿಷ್ ವೃಂದಗಾನ ಮಂಡಲಿಯೇ ಇಲ್ಲವೆನ್ನಬಹುದು. ಆನ್ ಮ್ಯಾಕ್ಲೌಡ್ ಎಂಬಾಕೆ 1870ರ ದಶಕದಲ್ಲಿ ಸ್ಕೈ ದ್ವೀಪದ ಸರೋವರದಲ್ಲಿ ದೋಣಿಯವರು ಗೇಲಿಕ್ ಭಾಷೆಯಲ್ಲಿ ಹುಟ್ಟುಹಾಕುತ್ತ ಹಾಡಿದ್ದನ್ನು ಕೇಳಿ ಅದರ ಮಟ್ಟನ್ನು ನೆನಪಿನಲ್ಲಿಟ್ಟುಕೊಂಡಳು. ಅದಕ್ಕೆ ಸರ್ ಹೆರಾಲ್ಡ್ ಬೌಲ್ಟನ್ ಎಂಬ ಇಂಗ್ಲಿಷ್ ಮಹನೀಯನು 1746ರ ಯುದ್ಧದಲ್ಲಿ ಸೋತು ಓಡಿಹೋದ ರಾಜಕುಮಾರ ಚಾರ್ಲ್ಸನ ಕಥೆಯನ್ನು ಇಂಗ್ಲಿಷಿನಲ್ಲಿ ಹೊಸೆದು 1884ರಲ್ಲಿ ಪ್ರಕಟಿಸಿದನು. ಹುಟ್ಟುಹಾಕುವವರ ತೋಳಿನ ಬಲವಿದ್ದ ಮಟ್ಟು ತೊಟ್ಟಿಲ ಹಾಡಿನಂತೆ ತೂಗತೊಡಗಿತು. ಮೇಳದವರು ಇದನ್ನು ಅರೆಗಣ್ಣು ಮುಚ್ಚಿ ಮೆಲುದನಿಯಲ್ಲಿ ಹಾಡುವಾಗ, ಇದು ಪ್ರಾಚೀನ ಗೇಲಿಕ್ ಜನಾಂಗದ ಶೋಕವೆಂದು ಸಭೆಯವರು ಕಣ್ಣೀರು ತೆಗೆಯುತ್ತಾರೆ. ಶೋಕ ಗೇಲಿಕ್ ಜನರಿಗೆ ಇಲ್ಲದಿರಲಿಲ್ಲ. ಆದರೆ ಸಭೆಯವರು ಅಳುವುದು ಅದಕ್ಕಲ್ಲ.

ಬದಲಾವಣೆಯೆಲ್ಲವೂ ಕೇಡೆಂದು ಹೇಳುವುದು ಸಲ್ಲದು. ಹಾಡು ಬದಲಾಗುತ್ತಲೇ ಬದುಕುತ್ತದೆ. ‘ಆಲ್ಡ್ ಲ್ಯಾಂಗ್ ಸೈನ್’ ಈಗ ಪ್ರಸಿದ್ಧವಾಗಿರುವ ಮಟ್ಟನ್ನು ಪಡೆದದ್ದು 1799ರಲ್ಲಿ, ಬರ್ನ್ಸನು ತೀರಿಕೊಂಡು ಮೂರು ವರ್ಷಗಳಾದ ಮೇಲೆ. ಅದೂ ಮೇಲೆ ನಿಂದಿಸಲ್ಪಟ್ಟ ಥಾಮ್ಸನನ ಪುಸ್ತಕದಲ್ಲಿ. ಹಾಡಿಗೆ ಅದರಿಂದ ಲಾಭವಾಯಿತೆಂದು ಒಪ್ಪಲೇಬೇಕು. ಜನರು ಆ ಮಟ್ಟನ್ನು ಬಾಯಿಗೆ ತೆಗೆದುಕೊಂಡರು, ತಮ್ಮದಾಗಿ ಮಾಡಿಕೊಂಡರು. ಕೇಳಬೇಕಾದ ಪ್ರಶ್ನೆ ಇದೇ: ಪಂಡಿತನ ಕೈಯಿಂದ ಹೊರಬಂದ ಮೇಲೆ ಹಾಡು ಮರಳಿ ಹಾಡುವವರ ಬಾಯಿಗೆ ಹೋಗಬಲ್ಲದೆ? ಒಬ್ಬಳು ಅದನ್ನು ಒಂದು ಸಾಲು ಹೆಚ್ಚಿಸಿ, ಇನ್ನೊಬ್ಬಳು ಒಂದು ಬಳುಕು ಬದಲಿಸಿ ಹಾಡಬಲ್ಲರೆ? ನಾಲ್ಕು ಕಂಠದ ಮೇಳದಲ್ಲಿ ಇದಕ್ಕೆ ಅವಕಾಶವಿಲ್ಲ. ಸೊಪ್ರಾನೊದವಳು ತನಗೆ ತೋರಿದ ಕಡೆ ಒಂದು ಬಳುಕನ್ನು ಸೇರಿಸಿದರೆ ಉಳಿದ ಮೂರು ಕಂಠಗಳ ಲೆಕ್ಕ ತಪ್ಪುತ್ತದೆ. ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ ಹಾಡಬೇಕು. ಇಲ್ಲಿ ಬದಲಾವಣೆಯ ಹಕ್ಕು ಉಳಿದಿರುವುದು ಒಬ್ಬನಿಗೆ ಮಾತ್ರ, ಸಂಯೋಜಕನಿಗೆ.

ವಾಲ್ಟರ್ ಸ್ಕಾಟನು 1802 ಮತ್ತು 1803ರಲ್ಲಿ ಗಡಿನಾಡಿನ ಲಾವಣಿಗಳನ್ನು ಅಚ್ಚು ಮಾಡಿಸಿದಾಗ, ಕವಿ ಜೇಮ್ಸ್ ಹಾಗನ ಮುದಿತಾಯಿ, ಆ ಲಾವಣಿಗಳನ್ನು ಬಾಯಾರೆ ಬಲ್ಲವಳು, ಅವನನ್ನು ಎದುರಿಗೇ ಆಕ್ಷೇಪಿಸಿದಳಂತೆ: ಅವು ಹಾಡುವುದಕ್ಕಾಗಿ ಹುಟ್ಟಿದುವು, ಓದುವುದಕ್ಕಲ್ಲ, ಅಚ್ಚಾದ ಮೇಲೆ ಅವುಗಳ ಮೋಡಿ ಮುರಿದುಹೋಯಿತು, ಎಂದು. ಹಾಗನು ಇದನ್ನು ಬರೆದಿಟ್ಟಿದ್ದಾನೆ. ಅಕ್ಷರಕ್ಕಿಳಿದ ಪದಗಳ ವಿಷಯದಲ್ಲಿಯೇ ಆಕೆ ಹೀಗೆಂದಳು. ನಾಲ್ಕು ಸಾಲಿನ ಸ್ವರಲಿಪಿಯನ್ನು ಕಂಡಿದ್ದರೆ ಏನೆನ್ನುತ್ತಿದ್ದಳೋ!

ಇಪ್ಪತ್ತನೆಯ ಶತಮಾನದಲ್ಲಿ ಈ ವ್ಯವಹಾರವು ಹೆಬ್ರಿಡೀಸಿನ ಬಾಗಿಲಿಗೇ ಹೋಯಿತು. ಮಾರ್ಜರಿ ಕೆನಡಿ-ಫ್ರೇಸರ್ ಪ್ರಸಿದ್ಧ ಗಾಯಕ ಡೇವಿಡ್ ಕೆನಡಿಯ ಮಗಳು; ಸ್ಕಾಟಿಷ್ ಹಾಡುಗಳನ್ನು ಹಾಡುತ್ತ ಇಂಡಿಯದವರೆಗೂ ಸಂಚಾರ ಮಾಡಿದ ಮನೆತನ ಅದು. ಆಕೆ 1905ರಲ್ಲಿ ಎರಿಸ್ಕೇ ಎಂಬ ಪುಟ್ಟ ದ್ವೀಪಕ್ಕೆ ಹೋಗಿ, ಅಲ್ಲಿಯ ಬಡವರ ಮನೆಗಳಲ್ಲಿ ಕುಳಿತು ಹಾಡುಗಳನ್ನು ಕಲಿತಳು. ಮುಂದೆ ಫೋನೋಗ್ರಾಫ್ ಯಂತ್ರವನ್ನೂ ಒಯ್ದು ಮೇಣದ ಸಿಲಿಂಡರುಗಳಲ್ಲಿ ಹಾಡುಗಾರರ ದನಿಯನ್ನು ಹಿಡಿದಳು. ಆಕೆಯ ಶ್ರಮವನ್ನು ಹೀಯಾಳಿಸುವವನು ಕೃತಘ್ನ. ಆದರೆ 1909, 1917, 1921ರಲ್ಲಿ ಸಂಪುಟಗಳಾಗಿ ಹೊರಬಂದದ್ದು ಅವಳು ಕೇಳಿದ ಹಾಡಲ್ಲ. ಮಟ್ಟುಗಳ ನಡೆ ನಿಧಾನವಾಗಿತ್ತು. ಪಿಯಾನೋ ಕೆಳಗಿನಿಂದ ಮಂಜನ್ನು ಎಬ್ಬಿಸುತ್ತಿತ್ತು. ಕೆನೆತ್ ಮ್ಯಾಕ್ಲೌಡ್ ಎಂಬ ಪಾದ್ರಿಯು ಪದಗಳನ್ನು ಕೂಡಿಸಿ ಕಳೆದು ಸೇರಿಸಿ ಹೊಸದಾಗಿ ಹೊಳಪು ಕೊಟ್ಟಿದ್ದನು. ಗೇಲಿಕ್ ಕವಿ ಸೋರ್ಲಿ ಮ್ಯಾಕ್ಲೇನ್ ಈ ಮಬ್ಬು ಬೆಳಕಿನ ಹೆಬ್ರಿಡೀಸನ್ನು ಕಟುವಾಗಿ ಖಂಡಿಸಿದನು. ಅವನಿಗೆ ಆ ಭಾಷೆ ತಾಯಿಭಾಷೆ. ಅದರ ಹಾಡುಗಳಲ್ಲಿ ಇರುವುದು ಮಂಜಲ್ಲ, ಹಗಲಿನಷ್ಟು ನಿಚ್ಚಳವಾದ ನೋವು ಎಂಬುದನ್ನು ಬಲ್ಲವನು.

ಆ ಸಂಪುಟಗಳಿಂದ ಎತ್ತಿಕೊಂಡ ಎರಿಸ್ಕೇ ದ್ವೀಪದ ಪ್ರೇಮಗೀತೆಯನ್ನು ಮುಂದೆ ಹ್ಯೂ ರಾಬರ್ಟನ್ ವೃಂದಗಾನಕ್ಕೆ ಅಳವಡಿಸಿದನು. ಈತನ ವಿಷಯವನ್ನು ಕೊಂಚ ಸಾವಧಾನವಾಗಿ ಹೇಳಬೇಕು. 1906ರಲ್ಲಿ ಇವನು ಸ್ಥಾಪಿಸಿದ ಗ್ಲಾಸ್ಗೋ ಆರ್ಫಿಯಸ್ ಮೇಳವು ಧನಿಕರ ವಿನೋದವಾಗಿರಲಿಲ್ಲ. ಗ್ಲಾಸ್ಗೋ ನಗರದ ದುಡಿಯುವ ಜನರ ನಡುವಿನಿಂದ ಎದ್ದದ್ದು. ಅದರಲ್ಲಿದ್ದ ಶಿಸ್ತು, ಪಿಸುಮಾತಿನಷ್ಟು ಮೆಲ್ಲಗೆ ಹಾಡಿದರೂ ಚೆದರದ ಕಂಠಗಳ ಬೆಸುಗೆ, ಇವಕ್ಕೆ ಎಲ್ಲೆಡೆಯೂ ಕೀರ್ತಿ ಬಂದಿತು. ಯುದ್ಧವಿರೋಧಿಯಾದ ರಾಬರ್ಟನನಿಗೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ರೇಡಿಯೋದವರು ಬಹಿಷ್ಕಾರ ಹಾಕಿದಾಗ ಪಾರ್ಲಿಮೆಂಟಿನಲ್ಲಿಯೇ ಪ್ರಶ್ನೆಯೆದ್ದು ಅದನ್ನು ತೆಗೆಯಬೇಕಾಯಿತು. ಮನುಷ್ಯನು ದೊಡ್ಡವನು. ಭೂಮಾಲಿಕರು ಕುರಿ ಸಾಕುವುದಕ್ಕಾಗಿ ಒಕ್ಕಲೆಬ್ಬಿಸಿದ ಹೈಲೆಂಡಿನ ಸಂಸಾರಗಳ ಮಕ್ಕಳು ಮೊಮ್ಮಕ್ಕಳು ಗ್ಲಾಸ್ಗೋದ ಹೊಗೆಯಲ್ಲಿ ಬದುಕುತ್ತಿದ್ದಾಗ, ವಾರಕ್ಕೊಂದು ಸಂಜೆ ಗಾಯನಮಂಡಲಿಯಲ್ಲಿ ಕೂಡಿ ಅಜ್ಜಿಯ ಹಾಡನ್ನು ಹಾಡುವುದೆಂದರೆ ಅದು ಬರಿಯ ಸಂಗೀತವಾಗಿರಲಿಲ್ಲ. ಇದನ್ನು ಮರೆತು ಮೇಳವನ್ನು ಬೈಯುವುದು ಸುಲಭ, ಆದರೆ ಅನ್ಯಾಯ.

ಹೀಗಿದ್ದೂ ಹೇಳಬೇಕಾದ್ದನ್ನು ಹೇಳದಿರಲಾಗದು. ಕಂಠಗಳನ್ನು ಬೆಸೆಯುವುದೇ ಆ ಕಲೆಯ ಗುರಿ. ಒಬ್ಬರ ದನಿ ಇನ್ನೊಬ್ಬರದರಿಂದ ಬೇರೆಯಾಗಿ ಕೇಳಿಸಿತೆಂದರೆ ಅಲ್ಲಿ ಅದು ದೋಷ. ಲೂಯಿಸಿನ ಕೀರ್ತನೆಯಲ್ಲಿ ಅದೇ ಪ್ರಾಣ. ಮೊದಲ ಅಕ್ಷರವನ್ನು ಚುಟುಕಾಗಿ ಕಡಿದು ಎರಡನೆಯದರ ಮೇಲೆ ಎಳೆಯುವ ಸ್ಕಾಟಿಷ್ ಲಯದ ಕುಲುಕು ನಯವಾದ ಮೇಳದಲ್ಲಿ ಸವೆದುಹೋಗುತ್ತದೆ. ಪದಗಳ ಗತಿಯೂ ಅದೇ. 1934ರ ಗೇಲಿಕ್ ಉತ್ಸವದಲ್ಲಿ ಚಿನ್ನದ ಪದಕ ಗೆದ್ದ ಮೇರಿ ಮ್ಯಾಕ್ನಿವನ್ ಎಂಬ ಗಾಯಕಿಗಾಗಿ ಜಾನ್ ಬ್ಯಾನರ್ಮನ್ ಗೇಲಿಕ್ ಭಾಷೆಯಲ್ಲಿ ಒಂದು ಹಾಡು ಕಟ್ಟಿದನು. ರಾಬರ್ಟನನು ಅದಕ್ಕೆ ಇಂಗ್ಲಿಷ್ ಪದಗಳನ್ನು ಬರೆದು ‘ಮಾರಿಯ ಮದುವೆ’ ಮಾಡಿದನು. ಹಳ್ಳಿಯ ಮದುವೆಯ ಹಾಡೆಂದು ಈಗ ಲೋಕವೆಲ್ಲ ಅದನ್ನು ಹಾಡುತ್ತಿದೆ. ಹಾಡಿನಲ್ಲಿ ತಪ್ಪೇನೂ ಇಲ್ಲ, ಕುಣಿಯುವುದಕ್ಕೆ ಚೆನ್ನಾಗಿದೆ. ಮೂಲದ ಗೇಲಿಕ್ ಪದಗಳು ಎಷ್ಟು ಜನಕ್ಕೆ ಗೊತ್ತು ಎಂಬುದಷ್ಟೆ ಪ್ರಶ್ನೆ.

ಮೇಳವಾದಿಗಳ ಕೊನೆಯ ಆಯುಧ ಇದು: ಮೇಳವಿಲ್ಲದಿದ್ದರೆ ಹಾಡುಗಳೇ ಉಳಿಯುತ್ತಿರಲಿಲ್ಲ. ಉಳಿಸಿದವರು ಯಾರು ಎಂಬುದನ್ನು ನೋಡೋಣವಾಗಲಿ. ಸ್ಕೈ ದ್ವೀಪದ ಫ್ರಾನ್ಸಸ್ ಟಾಲ್ಮಿ ಎಂಬ ವೃದ್ಧೆಯು ತಾನು ಬಾಲ್ಯದಿಂದ ಕೇಳಿದ 105 ಕೆಲಸದ ಹಾಡುಗಳನ್ನು 1911ರಲ್ಲಿ ಲಂಡನ್ನಿನ ಜನಪದಗೀತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದಳು. ಬರಿಯ ಮಟ್ಟು, ಪದ, ಹಾಡಿದವರ ಹೆಸರು. ಈಶಾನ್ಯ ಸ್ಕಾಟ್ಲೆಂಡಿನಲ್ಲಿ ಗ್ಯಾವಿನ್ ಗ್ರೇಗ್ ಎಂಬ ಶಾಲಾಮಾಸ್ತರನೂ ಜೇಮ್ಸ್ ಡಂಕನ್ ಎಂಬ ಪಾದ್ರಿಯೂ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೂರು ಸಾವಿರಕ್ಕೂ ಹೆಚ್ಚು ಹಾಡಿನ ಪಾಠಗಳನ್ನು ಕೂಡಿಸಿದರು. ಅವರಿಬ್ಬರೂ ಸತ್ತು ಎಷ್ಟೋ ಕಾಲವಾದ ಮೇಲೆ, 1981ರಿಂದ 2002ರವರೆಗೆ, ಅದು ಎಂಟು ಸಂಪುಟಗಳಾಗಿ ಬಂದಿತು. ಮಾರ್ಗರೆಟ್ ಫೇ ಷಾ ಎಂಬ ಅಮೆರಿಕದ ಹೆಣ್ಣುಮಗಳು 1929ರಿಂದ ಆರು ವರ್ಷ ದಕ್ಷಿಣ ಯೂಯಿಸ್ಟ್ ದ್ವೀಪದಲ್ಲಿ ಇಬ್ಬರು ಸೋದರಿಯರ ಗುಡಿಸಿಲಿನಲ್ಲಿ ವಾಸಮಾಡಿ, ಭಾಷೆಯನ್ನು ಕಲಿತು, ಕೇಳಿದ್ದನ್ನು ಕೇಳಿದಂತೆ ಬರೆದು 1955ರಲ್ಲಿ ಪುಸ್ತಕ ಮಾಡಿದಳು. ಆಕೆಯ ಗಂಡ ಜಾನ್ ಲಾರ್ನ್ ಕ್ಯಾಂಬೆಲ್ ಬಟ್ಟೆ ಬಡಿಯುವ ಹಾಡುಗಳನ್ನೇ 1969ರಿಂದ 1981ರವರೆಗೆ ಮೂರು ಸಂಪುಟಗಳಲ್ಲಿ ಕೊಟ್ಟನು. ಇವರಲ್ಲಿ ಯಾರೂ ನಾಲ್ಕು ಕಂಠಗಳನ್ನು ಬೇಡಲಿಲ್ಲ.

1951ನೆಯ ವರ್ಷ ಈ ಕಥೆಯಲ್ಲಿ ವಿಚಿತ್ರವಾದದ್ದು. ಆ ವರ್ಷ ರಾಬರ್ಟನನು ನಿವೃತ್ತನಾಗಿ ಆರ್ಫಿಯಸ್ ಮೇಳವು ಮುಗಿಯಿತು. ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಸ್ಕಾಟಿಷ್ ಅಧ್ಯಯನ ಶಾಲೆ ಪ್ರಾರಂಭವಾಯಿತು. ಅದೇ ವರ್ಷ ಹ್ಯಾಮಿಷ್ ಹೆಂಡರ್ಸನ್ ಎಂಬ ಕವಿಯು ಎಡಿನ್‌ಬರೋದಲ್ಲಿ ಒಂದು ಗೋಷ್ಠಿಯನ್ನು ಏರ್ಪಡಿಸಿ ಬಾರಾ ದ್ವೀಪದ ಫ್ಲೋರಾ ಮ್ಯಾಕ್‌ನೀಲ್, ಕ್ಯಾಲಮ್ ಜಾನ್‌ಸ್ಟನ್ ಮೊದಲಾದವರನ್ನು ಪಕ್ಕವಾದ್ಯವಿಲ್ಲದೆ, ಸಂಯೋಜನೆಯಿಲ್ಲದೆ, ಊರಲ್ಲಿ ಹಾಡುವ ಹಾಗೆಯೇ ಹಾಡಿಸಿದನು. ನಗರದ ಜನ ಕೇಳಿ ಬೆರಗಾದರು. 1953ರಲ್ಲಿ ಅವನು ಆಬರ್ಡೀನಿನಲ್ಲಿ ಜೀನಿ ರಾಬರ್ಟ್ಸನ್ ಎಂಬಾಕೆಯನ್ನು ಕಂಡನು. ಅಲೆಮಾರಿ ಜನಾಂಗದವಳು, ಹಳೆಯ ಲಾವಣಿಗಳ ಮಹಾಗಾಯಕಿ. ಇಂಥವರು ಒಂದೂವರೆ ಶತಮಾನದ ಸಂಯೋಜನೆಯ ಹೊರತಾಗಿಯೂ ಹಾಡುತ್ತಲೇ ಇದ್ದರು. ಹಾಡು ಸತ್ತಿತ್ತೆಂದು ಹೇಳಿದವರು ಅವರ ಬಾಗಿಲಿಗೆ ಹೋಗಿರಲಿಲ್ಲ, ಅಷ್ಟೆ.

ಹಾಗಾದರೆ ನಾಲ್ಕು ಕಂಠಕ್ಕೆ ಬರೆಯುವುದೇ ಪಾಪವೇ? ಹಾಗಲ್ಲ. ಬರ್ನ್ಸನು ಒಬ್ಬ ಪಾದ್ರಿಯ ಬಾಯಿಂದ ಕೇಳಿ ಉಳಿಸಿಕೊಟ್ಟ ಕುರಿ ಕಾಯುವ ಹಾಡೊಂದನ್ನು ವಾನ್ ವಿಲಿಯಮ್ಸ್ 1922ರಲ್ಲಿ ಒಂಟಿ ಟೆನರ್ ಕಂಠಕ್ಕೂ ಮೇಳಕ್ಕೂ ಹೊಂದಿಸಿದ್ದಾನೆ. ಅಲ್ಲಿ ಹಾಡುವವನು ಮುಮ್ಮೇಳವಾಗಿಯೂ ಮೇಳವು ಹಿಮ್ಮೇಳವಾಗಿಯೂ ನಿಲ್ಲುತ್ತದೆ. ಹಾಡಿನ ಸ್ವರಸ್ವಭಾವಕ್ಕೆ ಹೊರಗಿನ ಸ್ವರಗಳು ದಾಳಿ ಮಾಡುವುದಿಲ್ಲ. ಈ ಮನುಷ್ಯನು 1903ರಿಂದ ಇಂಗ್ಲೆಂಡಿನ ಹಳ್ಳಿಹಳ್ಳಿ ಅಲೆದು 800ಕ್ಕೂ ಹೆಚ್ಚು ಹಾಡುಗಳನ್ನು ಹಾಡುವವರ ಬಾಯಿಂದಲೇ ಕೇಳಿ ಬರೆದುಕೊಂಡವನು. ಕೇಳಿದವನಿಗೂ ಅಂಚೆಯಲ್ಲಿ ತರಿಸಿಕೊಂಡವನಿಗೂ ಇರುವ ಅಂತರ ಅದು.

ಮಟ್ಟು ಒಂಟಿಯಾಗಿಯೇ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಇಂಡಿಯದಲ್ಲಿಯೇ ಒಂದು ನಿದರ್ಶನವಿದೆ. ರವೀಂದ್ರನಾಥ ಠಾಕೂರರು ತರುಣರಾಗಿ ಇಂಗ್ಲೆಂಡಿನಲ್ಲಿದ್ದು ಬಂದ ಮೇಲೆ, ‘ಆಲ್ಡ್ ಲ್ಯಾಂಗ್ ಸೈನ್’ ಮಟ್ಟಿನಿಂದ ‘ಪುರಾನೊ ಶೇಯಿ ದಿನೇರ್ ಕಥಾ’ ಎಂಬ ಹಾಡನ್ನೂ, ಡೂನ್ ನದಿಯ ದಂಡೆಗಳನ್ನು ಕುರಿತ ಬರ್ನ್ಸನ ಗೀತೆಯ ಮಟ್ಟಿನಿಂದ 1882ರ ‘ಕಾಲಮೃಗಯಾ’ ನಾಟಕದ ‘ಫೂಲೇ ಫೂಲೇ’ ಎಂಬ ಹಾಡನ್ನೂ ಕಟ್ಟಿದರು. ಅವರು ತೆಗೆದುಕೊಂಡದ್ದು ಮಟ್ಟನ್ನು ಮಾತ್ರ. ಹಾರ್ಮನಿಯನ್ನು ಅಲ್ಲಿಯೇ ಬಿಟ್ಟುಬಂದರು. ಬಂಗಾಳದ ಮನೆಮನೆಯ ಮಕ್ಕಳು ಆ ಮಟ್ಟುಗಳನ್ನು ಪರದೇಶದವೆಂಬ ಅರಿವೇ ಇಲ್ಲದೆ ಹಾಡುತ್ತಾರೆ.

1891ರಲ್ಲಿ ಓಬನ್ ಪಟ್ಟಣದಲ್ಲಿ ಗೇಲಿಕ್ ಸಂಘವು ಸ್ಥಾಪಿತವಾಗಿ, ಮರುವರ್ಷದಿಂದ ‘ಮೋಡ್’ ಎಂಬ ಗೇಲಿಕ್ ಉತ್ಸವವು ನಡೆಯುತ್ತಿದೆ. ಸಂಘ ಹುಟ್ಟಿದ ವರ್ಷದ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಆಡುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. 2011ರಲ್ಲಿ ಸುಮಾರು 57 ಸಾವಿರ. 2022ರಲ್ಲಿ ಸಂಖ್ಯೆ ಸುಮಾರು 70 ಸಾವಿರಕ್ಕೆ ಏರಿದೆಯಾದರೂ, ಭಾಷೆಯ ತವರಾದ ಪಶ್ಚಿಮ ದ್ವೀಪಗಳಲ್ಲಿಯೇ ಆಡುವವರ ಪ್ರಮಾಣ ಇಳಿದಿದೆ. ಇದು ಮೇಳಗಳ ತಪ್ಪೆಂದು ಯಾರೂ ಹೇಳಲಾರರು. ಉತ್ಸವದ ಸ್ಪರ್ಧೆಯಲ್ಲಿ ಸಂಗೀತಕ್ಕೂ ಗೇಲಿಕ್ ಉಚ್ಚಾರಣೆಗೂ ಬೇರೆ ಬೇರೆ ಅಂಕಗಳುಂಟು. ಭಾಷೆ ಬಾರದವರು ಅಕ್ಷರವನ್ನು ಬಾಯಿಪಾಠ ಮಾಡಿಕೊಂಡು ಬಂದು ಹಾಡುವುದೂ ಉಂಟು. ಅದು ಶ್ರದ್ಧೆಯೇ ಸರಿ. ಆ ಶ್ರದ್ಧೆಯನ್ನು ತುಸು ಬೇರೆ ಕಡೆಗೆ ತಿರುಗಿಸಿದರೆ ನಷ್ಟವೇನು ಎಂಬುದನ್ನು ಉತ್ಸವದವರು ಹೇಳಬೇಕು. ಮೇಳಕ್ಕೆ ಕೊಡುವ ಹಾಳೆಯ ನೆತ್ತಿಯ ಮೇಲೆ ಸಾಂಪ್ರದಾಯಿಕ ಮಟ್ಟು ಎಂದಷ್ಟೇ ಅಚ್ಚು ಮಾಡಿ ಕೆಳಗೆ ಸಂಯೋಜಕನ ಹೆಸರನ್ನೂ ಹಕ್ಕುಸ್ವಾಮ್ಯದ ಗುರುತನ್ನೂ ಹಾಕುವ ಬದಲು, ಹಾಡನ್ನು ಹಾಡಿಕೊಟ್ಟವಳ ಹೆಸರನ್ನೂ ಊರನ್ನೂ ಮೊದಲು ಹಾಕಬಹುದು. ಟಾಲ್ಮಿಯು 1911ರಲ್ಲಿಯೇ ಮಾಡಿ ತೋರಿಸಿದ್ದನ್ನು ಮಾಡುವುದಕ್ಕೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ಕೆನಡಿ-ಫ್ರೇಸರಳ ಮೇಣದ ಸಿಲಿಂಡರುಗಳು ಎಡಿನ್‌ಬರೋ ವಿಶ್ವವಿದ್ಯಾನಿಲಯದ ಭಂಡಾರದಲ್ಲಿ ಇವೆ. ಅವಳ ಮುದ್ರಿತ ಸಂಪುಟಗಳೂ ಇವೆ. ಮೇಣವು ಸವೆದು ಕರಕರ ಸದ್ದು ಬಂದರೂ ಆ ಸದ್ದಿನ ಹಿಂದೆ ಎರಿಸ್ಕೇ ದ್ವೀಪದ ಹೆಂಗಸೊಬ್ಬಳು ತನ್ನ ನಡೆಯಲ್ಲಿ, ಮುದ್ರಿತ ಪುಟಕ್ಕಿಂತ ಬಿರುಸಾಗಿ, ಹಾಡುತ್ತಿದ್ದಾಳೆ. ವೃಂದನಾಯಕನು ಅಭ್ಯಾಸದ ಮೊದಲ ಸಂಜೆ ತನ್ನ ಮೇಳದವರಿಗೆ ಹಾಳೆಗಳನ್ನು ಹಂಚುವ ಮುಂಚೆ ಅದನ್ನು ಕೇಳಿಸಲಿ. ಆಮೇಲೆ ಹಾಳೆಯನ್ನು ಬಿಚ್ಚುವುದೋ ಬಿಡುವುದೋ ಹಾಡುವವರೇ ಹೇಳುತ್ತಾರೆ.